ನಿಂತ ಕಡೆ ನಿಲ್ಲುವ ಚಾಕು

ನನ್ನ ಎಲೆಅಡಿಕೆ ಸಂಚಿಯಲ್ಲಿ ಈಗ ಒಂದು ಚಾಕು ಇರುತ್ತದೆ. ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆ, ಮೊಮ್ಮಕ್ಕಳೇ. ದಾರಿಯಲ್ಲಿ ಯಾರಾದರೂ "ಚೆನ್ನಾಗಿದ್ದೀರಾ?" ಎಂದು ಕೇಳಿದರೆ, ನಾನು ಉತ್ತರ ಹುಡುಕಿ ಬಾಯಿ ತೆರೆಯುವಷ್ಟರಲ್ಲಿ ಅವರು ನಾಲ್ಕು ಮನೆ ದಾಟಿರುತ್ತಾರೆ. ಅಂಥವಳು ಚಾಕು ಇಟ್ಟುಕೊಂಡು ತಿರುಗುತ್ತೇನೆಂದರೆ ನೀವಿಬ್ಬರೂ ನಕ್ಕದ್ದು ತಪ್ಪಲ್ಲ. ಆದರೆ ಸುಣ್ಣದ ಡಬ್ಬಿಯ ಪಕ್ಕದಲ್ಲಿ ಅದು ಹೊಸ ನೆಂಟನಂತೆ ಮುದುರಿಕೊಂಡು ಮಲಗಿರುವುದನ್ನು ನೋಡಿದಾಗಲೆಲ್ಲ, ಇದು ಇಲ್ಲಿಗೆ ಬಂದ ಕಥೆಯನ್ನು ಬರೆದಿಡಬೇಕು ಅನ್ನಿಸುತ್ತದೆ.

ಎಲ್ಲಕ್ಕೂ ಮೂಲ ನನ್ನ ಸಕ್ಕರೆ ಕಾಯಿಲೆ. ಸಕ್ಕರೆಯ ಸೀಮೆಯಲ್ಲೇ ಹುಟ್ಟಿ, ಆಲೆಮನೆಯ ಬಿಸಿ ಬೆಲ್ಲ ತಿಂದು ಬೆಳೆದವಳಿಗೆ ಮಳವಳ್ಳಿಯ ಡಾಕ್ಟರು "ಸಿಹಿ ಬಿಡಿ, ದಿನಾ ಮುಕ್ಕಾಲು ಗಂಟೆ ನಡೆಯಿರಿ" ಎಂದರು. ಸಿಹಿ ಬಿಟ್ಟೆನೋ ಇಲ್ಲವೋ, ಆ ಮಾತು ಬೇಡ. ನಡೆಯುವುದನ್ನು ಮಾತ್ರ ಹಿಡಿದುಬಿಟ್ಟೆ. ನಮ್ಮ ಬೀದಿಯ ಕೊನೆಗೆ ನಾಲೆ ಏರಿ. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ. ಹುಟ್ಟಿದಾಗಿನಿಂದ ನಾನು ನಡೆದದ್ದೆಲ್ಲ ಯಾವುದೋ ಕೆಲಸಕ್ಕೆ: ನೀರಿಗೆ, ಹುಲ್ಲಿಗೆ, ಎರಡು ಮೈಲಿ ಆಚೆಯ ಇಸ್ಕೂಲಿಗೆ, ಮಗಳ ಬಾಣಂತನಕ್ಕೆ. ತಲೆಯ ಮೇಲೆ ಏನೂ ಹೊರದೆ, ಕೈಯಲ್ಲಿ ಏನೂ ಹಿಡಿಯದೆ, ಎಲ್ಲಿಗೂ ಹೋಗಬೇಕಾಗಿಲ್ಲದೆ ನಡೆದದ್ದು ಇದೇ ಮೊದಲು. ಆ ಮುಕ್ಕಾಲು ಗಂಟೆ ನನ್ನದು ಅನ್ನಿಸಿಬಿಟ್ಟಿತು.

ಅಷ್ಟರಲ್ಲಿ ಪಕ್ಕದ ಬೀದಿಯಲ್ಲಿ ಸುದ್ದಿ ಹುಟ್ಟಿತು: ಯಾರದೋ ಸರ ಎಳೆದರಂತೆ. ಯಾರದು, ಎಲ್ಲಿ ಎಂದು ಯಾರಿಗೂ ಗೊತ್ತಿಲ್ಲ. ನಿಮ್ಮಮ್ಮ ಸುಧಾ ಅಂದೇ ತೀರ್ಪು ಕೊಟ್ಟಳು.

"ನಾಳೆಯಿಂದ ಏರಿ ಕಡೆ ಹೋಗ್ಬೇಡಮ್ಮ. ಮಹಡಿ ಮೇಲೆ ಇಪ್ಪತ್ತು ಸುತ್ತು ಹೊಡಿ, ಸಾಕು."

"ನನ್ನ ಕೊರಳಲ್ಲಿ ತುಳಸಿ ಮಣಿ ಬಿಟ್ಟರೆ ಏನಿದೆಯೇ?"

"ಅದು ಕಳ್ಳನಿಗೆ ಮೊದಲೇ ಗೊತ್ತಿರುತ್ತಾ?"

ಮೂರು ದಿನ ಮಹಡಿಯ ಮೇಲೆ ಸುತ್ತಿದೆ. ನೀರಿನ ಟ್ಯಾಂಕು, ಎದುರುಮನೆಯವರ ಒಣಹಾಕಿದ ಬಟ್ಟೆ, ಮತ್ತೆ ನೀರಿನ ಟ್ಯಾಂಕು. ಗಾಣದ ಎತ್ತಿಗಾದರೂ ಕೊನೆಗೆ ಎಣ್ಣೆ ಕಾಣಿಸುತ್ತದೆ. ನಾಲ್ಕನೆಯ ದಿನ ಮಾನ್ಯ, ನೀನೇ ಅಮ್ಮನ ಹತ್ತಿರ ನನ್ನ ಪರವಾಗಿ ಜಗಳವಾಡಿದೆ. ಒಂದು ತಿಂಗಳು ನೋಡೋಣ, ಅಜ್ಜಿಯ ಕೈಯಲ್ಲಿ ಫೋನು ಇರಲಿ, ಧೈರ್ಯಕ್ಕೆ ಒಂದು ಚಾಕೂ ಇರಲಿ ಎಂದು ರಾಜಿಯಾಯಿತು. ತಿಂಗಳ ಕೊನೆಗೆ ಅಮ್ಮನಿಗೆ ಸಮಾಧಾನವಾಗದಿದ್ದರೆ ನನಗೆ ಮಹಡಿಯೇ ಗತಿ.

ರೋಹಿತ, ನೀನು ಅಂದೇ ಫೋನಿನಲ್ಲಿ ಒಂದು ಚಾಕು ತರಿಸಿದೆ. ಅದಕ್ಕೆ ಒಂದು ದಿಕ್ಸೂಚಿ, ಒಂದು ಪೀಪಿ, ಬೆಂಕಿ ಹೊತ್ತಿಸುವ ಒಂದು ಕಡ್ಡಿ. ಮಳವಳ್ಳಿಯಲ್ಲಿ ದಿಕ್ಕು ತಪ್ಪಿದರೆ ಬಸ್ ಸ್ಟ್ಯಾಂಡ್ ಎಲ್ಲಿ ಎಂದು ಕೇಳಿದರೆ ಸಾಕಲ್ಲವೇ ಮಗು! ಗುಂಡಿ ಒತ್ತಿದರೆ ಅಲಗು ಹಾವಿನ ಹಾಗೆ ನೆಗೆಯುತ್ತಿತ್ತು. ಸೊಂಟದ ಸಂಚಿಯಲ್ಲಿ ಇಟ್ಟುಕೊಂಡು ಬಗ್ಗಿದರೆ ಕಳ್ಳನಿಗಿಂತ ಮೊದಲು ನನಗೇ ತಿವಿಯುತ್ತಿತ್ತು. ವಾಪಸ್ ಕಳಿಸಿದೆವು.

ಇಲ್ಲಿ ಒಂದು ಸಂಗತಿ ಹೇಳಬೇಕು. ನನಗೆ ಚಾಕು ಹಿಡಿಯಲು ಬರುವುದಿಲ್ಲ. ನಾನು ಕಲಿತದ್ದು ಈಳಿಗೆ ಮಣೆ. ಈಳಿಗೆ ಮಣೆಯ ನೀತಿಯೇ ಬೇರೆ. ಅಲಗು ನಿಂತಿರುತ್ತದೆ, ತರಕಾರಿ ಓಡಾಡುತ್ತದೆ. ಐವತ್ತು ವರ್ಷ ಬದನೆಕಾಯಿಯನ್ನು ಕತ್ತಿಯ ಹತ್ತಿರಕ್ಕೆ ಕರೆದುಕೊಂಡು ಹೋದವಳು ನಾನು. ಕತ್ತಿಯನ್ನು ಬದನೆಕಾಯಿಯ ಹತ್ತಿರಕ್ಕೆ ಒಯ್ಯುವುದು ಯಾಕೋ ಮರ್ಯಾದೆ ಕೆಟ್ಟ ಕೆಲಸ ಅನ್ನಿಸುತ್ತದೆ.

ಮದುವೆಯಾದ ಹೊಸತರಲ್ಲಿ ನಿಮ್ಮ ತಾತನ ಜೊತೆ ಮುತ್ತತ್ತಿಗೆ ಹೋಗಿದ್ದೆ. ಹೊಳೆದಂಡೆಯಲ್ಲಿ ಬುತ್ತಿ ಬಿಚ್ಚಿದಾಗ ಅವರು ಒಂದು ಮಡಚುವ ಚಾಕು ಕೊಟ್ಟು, ಸೌತೆಕಾಯಿ ಹೆಚ್ಚು ಎಂದರು. ನಾನು ಅದನ್ನು ಅರ್ಧ ಮಾತ್ರ ಬಿಡಿಸಿ, ಅಲಗು ನೆಟ್ಟಗೆ ನಿಲ್ಲುವಂತೆ ಮಾಡಿ, ಹಿಡಿಯನ್ನು ಪಾದದ ಕೆಳಗೆ ಒತ್ತಿಕೊಂಡೆ. ಅಚ್ಚುಕಟ್ಟಾದ ಈಳಿಗೆ ಮಣೆ! ಸೌತೆಕಾಯಿ ಒತ್ತಿದರೆ ಅಲಗು ಆಚೆಗೆ ಮಲಗಿತು. ಎಬ್ಬಿಸಿ ನಿಲ್ಲಿಸಿ ಮತ್ತೆ ಒತ್ತಿದೆ. ಈ ಸಲ ಈಚೆಗೆ ಮಡಚಿಕೊಂಡು ನನ್ನ ತೋರುಬೆರಳನ್ನು ಕಚ್ಚಿತು. ತಾತ ತಮ್ಮ ಟವೆಲ್ಲಿನ ಅಂಚು ಹರಿದು ಬೆರಳಿಗೆ ಸುತ್ತಿದರು. ನಗು ತಡೆಯಲಾಗದೆ ಅವರ ಹೆಗಲು ಕುಣಿಯುತ್ತಿದ್ದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಆ ಗಾಯದ ಗೆರೆ ನೀವು ನೋಡಿದ್ದೀರಿ. ಅಂದಿನಿಂದ ಚಾಕುವಿನ ವಿಷಯದಲ್ಲಿ ನನಗಿರುವುದು ಒಂದೇ ಬೇಡಿಕೆ: ನಿಂತ ಕಡೆ ನಿಲ್ಲಬೇಕು.

ಆ ಬೇಡಿಕೆ ಹೊತ್ತುಕೊಂಡು ಮದ್ದೂರಿನ ಪೇಟೆಗೆ ಹೋದೆ. ಅಲ್ಲಿ ಅಮೀರ್ ಸಾಬರು ಬೀಗ ರಿಪೇರಿ ಮಾಡುತ್ತಾರೆ, ಕತ್ತರಿ ಸಾಣೆ ಹಿಡಿಯುತ್ತಾರೆ, ಚಾಕು ಮಾರುತ್ತಾರೆ. ಬೀಗದವರಿಗಿಂತ ಭದ್ರತೆಯ ವಿಷಯ ಇನ್ನಾರಿಗೆ ಗೊತ್ತಿರುತ್ತದೆ? ಅವರು ಮೂರು ಚಾಕು ತೆಗೆದರು. ಕೈಗೆ ಗೋಣಿ ಬಟ್ಟೆ ಸುತ್ತಿಕೊಂಡು, ಒಂದೊಂದನ್ನೂ ಬಿಡಿಸಿ, ಅಲಗಿನ ಬೆನ್ನನ್ನು ಮರದ ಹಲಗೆಗೆ ಒತ್ತಿದರು. ಮೊದಲನೆಯದು ತಕ್ಷಣ ಮಡಚಿಕೊಂಡು ನಮಸ್ಕಾರ ಹಾಕಿತು. ಎರಡನೆಯದು ಸ್ವಲ್ಪ ಯೋಚಿಸಿ ನಮಸ್ಕಾರ ಹಾಕಿತು. ಮೂರನೆಯದು ಅಲುಗಲಿಲ್ಲ.

"ನೋಡಿ ಅಕ್ಕ, ಹರಿತ ದೊಡ್ಡದಲ್ಲ. ಮಸೆದ್ರೆ ಯಾವ್ದಾದ್ರೂ ಹರಿತ ಆಯ್ತದೆ. ಬೆನ್ನು ಬಗ್ಗಬಾರ್ದು" ಎಂದು ಹಿಡಿಯ ಒಳಗನ್ನು ತೋರಿಸಿದರು. ಅಲಗು ಪೂರ್ತಿ ಬಿಚ್ಚಿಕೊಂಡ ಕೂಡಲೇ ಒಂದು ತಗಡಿನ ಪಟ್ಟಿ 'ಟಕ್' ಎಂದು ಅದರ ಬುಡಕ್ಕೆ ಅಡ್ಡ ಬಂದು ಕೂರುತ್ತದೆ. ಹೆಬ್ಬೆರಳಿನಿಂದ ಆ ಪಟ್ಟಿಯನ್ನು ಸರಿಸಿದರೆ ಮಾತ್ರ ಮಡಚಬಹುದು. ಮಡಚಿದ ಮೇಲೆ ತಲೆಕೆಳಗು ಮಾಡಿ ಕೊಡವಿದರು. ತಾನಾಗಿ ತೆರೆದುಕೊಳ್ಳಲಿಲ್ಲ.

"ಯಾತಕ್ಕೆ ಅಕ್ಕ ಇದು? ಅಡಿಗೆಗಾ?"

"ಕಳ್ಳರಿಗೆ" ಎಂದೆ, ಹಲಗೆಯನ್ನು ನೋಡುತ್ತ.

ಅವರು ನಗಲಿಲ್ಲ. "ಬೇಡಿ ಅಕ್ಕ. ಅವನ ಕೈ ಜೋರಿರ್ತದೆ. ಕಿತ್ಕೊಂಡ್ರೆ ಆಮೇಲೆ ಚಾಕು ಅವನ್ದು. ಕಳ್ಳ ಬಂದ್ರೆ ಜೋರಾಗಿ ಕೂಗ್ಕಳಿ. ಇದು ಸೀಬೆಕಾಯಿಗೆ ಇಟ್ಕಳಿ."

ಕೂಗಲು ಬರುವುದಿಲ್ಲವೆಂದೇ ಅಲ್ಲವೇ ನಾನು ಚಾಕು ಕೊಳ್ಳಲು ಹೋದದ್ದು! ಅದನ್ನು ಹೇಳಲೂ ಬಾಯಿ ಬರಲಿಲ್ಲ. ಅವರು ಚಾಕು ಮುಂದಕ್ಕೆ ನೀಡಿದರು. ನಾನು ಕೈ ಹಿಂದಕ್ಕೆಳೆದುಕೊಂಡೆ. ಅವರಿಗೆ ಅರ್ಥವಾಯಿತು, ಹಲಗೆಯ ಮೇಲಿಟ್ಟರು, ಅಲ್ಲಿಂದ ಎತ್ತಿಕೊಂಡೆ. ಉಪ್ಪು, ಮೆಣಸಿನಕಾಯಿ, ಕತ್ತಿ ಇವುಗಳನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಜಗಳವಾಗುತ್ತದೆ ಎಂದು ನನ್ನವ್ವ ಕಲಿಸಿದ್ದಳು. ಹಾಗಾಗಿ ಅಲ್ಲಿಯವರೆಗೆ ನಾನು ಬದುಕಿನಲ್ಲಿ ಯಾರೊಡನೆಯೂ ಜಗಳವಾಡಿರಲಿಲ್ಲ. ಹೆಚ್ಚು ಮಾತನ್ನೂ ಆಡಿರಲಿಲ್ಲ ಅನ್ನುವುದು ಬೇರೆ ಸಂಗತಿ.

ತಿಂಗಳು ಮುಗಿಯಲು ಎರಡು ದಿನ ಉಳಿದಿತ್ತು. ಚಾಕು ಅಷ್ಟು ದಿನವೂ ಸೀಬೆಕಾಯಿಯನ್ನೇ ಕೊಯ್ದಿತ್ತು, ಅದೂ ಈಳಿಗೆಯ ಹಾಗೆ ನಿಂತುಕೊಂಡೇ. ಅಮ್ಮನ ಮುಖದಲ್ಲಿ ಸಮಾಧಾನದ ಗುರುತು ಕಾಣುತ್ತಿರಲಿಲ್ಲ. ಆ ಬೆಳಿಗ್ಗೆ ಏರಿಯ ಮೇಲೆ ಹೋಗುತ್ತಿದ್ದಾಗ ಕೆಳಗಿನಿಂದ ಕೂಗು ಕೇಳಿತು. ಒಂದು ಕರು, ಹೊಂಗೆ ಮರಕ್ಕೆ ಕಟ್ಟಿದ್ದು, ಗದ್ದೆಯ ಕಡೆಯ ಇಳಿಜಾರಿನಲ್ಲಿ ಜಾರಿ ಕತ್ತಿನ ಹಗ್ಗಕ್ಕೆ ಜೋತುಬಿದ್ದಿತ್ತು. ಹಿಂಗಾಲು ನೆಲಕ್ಕೆ ಎಟುಕುತ್ತಿರಲಿಲ್ಲ, ನಾಲಿಗೆ ಹೊರಗೆ ಬಂದಿತ್ತು. ಒಬ್ಬ ಹೆಂಗಸು ಅದನ್ನು ಹೆಗಲಿನಿಂದ ಮೇಲಕ್ಕೆ ಒತ್ತಿ ಹಿಡಿದಿದ್ದಳು. ದಿನಾ ಅಲ್ಲಿ ಹಸು ಕಟ್ಟುವ ಕೆಂಪಮ್ಮ. ತಿಂಗಳಿಂದ ಅವಳನ್ನು ಕಂಡು ತಲೆ ತಗ್ಗಿಸಿ ದಾಟುತ್ತಿದ್ದೆ.

"ಹಗ್ಗ ಕುಯ್ಯಾಕೆ ಕುಡ್ಲು ಗಿಡ್ಲು ಏನಾರ ಇದ್ರೆ ತತ್ತಾ ತಾಯಿ!"

ಸಂಚಿಯಿಂದ ಚಾಕು ತೆಗೆದು ಬಿಡಿಸಿದೆ. 'ಟಕ್' ಎಂದಿತು. ಮುಂದೆ ನಾನು ಮಾಡಿದ ಕೆಲಸ ಕೇಳಿ: ಅದನ್ನು ನೆಲದ ಮೇಲಿಟ್ಟು, ಅವಳು ಎತ್ತಿಕೊಳ್ಳಲಿ ಎಂದು ಕಾದು ನಿಂತೆ.

"ಯಾಕವ್ವ ಅಲ್ಲಿಕ್ತೀಯ? ನನ್ ಕೈ ಎಲ್ಲಿ ಖಾಲಿ ಅದೆ? ಶಾಸ್ತ್ರ ಆಮೇಲೆ ನೋಡ್ಕಳವ, ನೀನೇ ಕುಯ್ಯವ್ವ!"

ಚಾಕು ಎತ್ತಿ ಬಿಗಿಯಾಗಿ ಹಿಡಿದು ನಿಂತೆ. ಈಳಿಗೆ ಮಣೆಯ ಕೈ, ಹಗ್ಗ ಬಂದು ತಾಗಲಿ ಎಂದು ಕಾಯುತ್ತಿತ್ತು. ಹಗ್ಗ ತಂತಿಯ ಹಾಗೆ ಬಿಗಿದಿತ್ತು, ಎಲ್ಲಿಂದ ಬಂದೀತು? ಆಗ ಬದುಕಿನಲ್ಲಿ ಮೊದಲ ಸಲ ಕತ್ತಿಯನ್ನು ನಾನೇ ಓಡಿಸಿದೆ. ಹಿಂದಕ್ಕೆ, ಮುಂದಕ್ಕೆ, ಕಣ್ಣು ಅರ್ಧ ಮುಚ್ಚಿಕೊಂಡು. ಅಲಗು ಅಲುಗಲಿಲ್ಲ. ಹಗ್ಗ ಹರಿಯಿತು. ಕರು, ಕೆಂಪಮ್ಮ ಇಬ್ಬರೂ ಉರುಳಿ ಗದ್ದೆಯ ಕೆಸರಿಗೆ ಬಿದ್ದರು. "ಕೊಡಿಲ್ಲಿ, ಕುತ್ಗೆ ಗಂಟು ಬಿಗ್ದದೆ" ಎಂದು ಅವಳು ಕೆಸರು ಕೈ ಚಾಚಿದಳು. ನಾನು ಇಳಿದು ಹೋಗಿ, ಹಿಡಿಯನ್ನು ಅವಳ ಕಡೆಗೆ ತಿರುಗಿಸಿ, ನೇರವಾಗಿ ಕೈಗೇ ಕೊಟ್ಟೆ. ಅವಳು ಕುಣಿಕೆ ಕತ್ತರಿಸಿದಳು. ಕರು ಕೆಮ್ಮಿತು, ಎದ್ದಿತು, ನನ್ನ ಸೆರಗು ನೆಕ್ಕಿತು.

ಅವ್ವ ಹೇಳಿದ್ದು ಸುಳ್ಳಲ್ಲ. ಮಾರನೆಯ ದಿನವೇ ಏರಿಯ ಮೇಲೆ ಕೆಂಪಮ್ಮನೊಡನೆ ಜಗಳ ಶುರುವಾಯಿತು.

"ಹೊಸ ಹಗ್ಗ ಕಣವ್ವ! ನಡುಮಧ್ಯಕ್ಕೆ ಕುಯ್ದ್ಬುಟ್ಯಲ್ಲ. ಮರದ ಬುಡಕ್ಕೆ ಕುಯ್ದಿದ್ರೆ ಗಂಟಾಕಬೋದಿತ್ತು."

"ಕರು ಉಳೀತಲ್ಲ!"

"ಕರ ಉಳೀತು. ಹಗ್ಗ?"

"ಬಿಗಿಯಾಗಿ ಗಿಡ್ಡಕ್ಕೆ ಕಟ್ಟಿದ್ದರೆ ಅದು ಯಾಕೆ ಜಾರುತ್ತಿತ್ತು? ಕಟ್ಟೋಕೆ ಬರಲ್ಲ, ಹೇಳೋಕೆ ಬರ್ತಾಳೆ!"

ಈ ಕೊನೆಯ ಮಾತು ಆಡಿದ್ದು ನಾನು. ಗದ್ದೆಯ ಬೆಳ್ಳಕ್ಕಿಗಳು ಎದ್ದು ಹಾರುವಷ್ಟು ಜೋರಾಗಿ. ತಿರುಗಿ ನೋಡಿದರೆ, ತಿಂಗಳ ಪರೀಕ್ಷೆಯ ಕೊನೆಯ ದಿನವೆಂದು ಹಿಂದೆಯೇ ಬಂದಿದ್ದ ನಿಮ್ಮಮ್ಮ ಬಾಯಿ ತೆರೆದು ನಿಂತಿದ್ದಾಳೆ.

"ಬೀದಿ ಕೊನೇವರೆಗೂ ಕೇಳ್ತಿದೆಯಲ್ಲಮ್ಮ ನಿನ್ನ ಗಂಟಲು!"

"ಇವರ ಮಗಳಾ ನೀನು?" ಎಂದು ಕೆಂಪಮ್ಮ ಸೊಂಟಕ್ಕೆ ಕೈ ಕೊಟ್ಟಳು. "ನೋಡವ್ವ, ನಿಮ್ಮವ್ವ ನಂಗೆ ಒಂದು ಹಗ್ಗ ಕೊಡಬೇಕು. ಕೊಡಗಂಟ ಇವಳನ್ನ ಈ ಏರಿ ಮ್ಯಾಲೆ ನನ್ ಕಣ್ ತಪ್ಸಿ ಓಗಾಕೆ ಬುಡಲ್ಲ."

ಮನೆಗೆ ಬಂದ ಮೇಲೆ ಸುಧಾ ಮಹಡಿಯ ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಮೊಳೆಗೆ ನೇತುಹಾಕಿ, ಕಾಫಿಗೆ ನೀರಿಟ್ಟಳು. ಮಹಡಿಯ ಸುತ್ತಿನ ಮಾತನ್ನು ಮತ್ತೆ ಎತ್ತಲಿಲ್ಲ.

ಹಗ್ಗ ತಂದುಕೊಡುವುದು ದೊಡ್ಡ ಕೆಲಸವೇನಲ್ಲ. ಮದ್ದೂರಿನ ಪೇಟೆಯಲ್ಲಿ ಬೇಕಾದಷ್ಟು ಸಿಗುತ್ತದೆ. ನಾನು ಇನ್ನೂ ತಂದಿಲ್ಲ. ನಿನ್ನೆ ಏರಿಯ ಮೇಲೆ ಸೀಬೆಕಾಯಿ ಕೊಯ್ಯಲು ಕೆಂಪಮ್ಮ ಚಾಕು ಕೇಳಿದಳು. ನೆಲದ ಮೇಲಿಡಲು ಬಗ್ಗಿದವಳು ಮತ್ತೆ ನೆಟ್ಟಗಾದೆ, ಕೈಗೇ ಕೊಟ್ಟೆ. ಈ ಜಗಳ ಇಷ್ಟು ಬೇಗ ಮುಗಿಯುವುದು ನನಗೆ ಬೇಡ.