ಕೆಮ್ಮಿದ ದಿನ ಬರೆದುಕೊಂಡ ರಾಗ

ನನ್ನ ತಮ್ಮ ಹಿಂದೂಸ್ತಾನಿ ಸಂಗೀತ ಶಾಲೆಯ ಮೇಷ್ಟ್ರು. ಮಕ್ಕಳು ಬೆನ್ನ ಹಿಂದೆ ‘ಥಾಟು ಮೇಷ್ಟ್ರು’ ಅನ್ನುತ್ತಾರೆ. ಕಾಗೆ ಕೂಗಿದರೂ ಯಾವ ಥಾಟು ಎಂದು ಹೇಳಿಬಿಡುತ್ತಾನಂತೆ. ಥಾಟು ಅಂದರೆ ಸ್ವರ ನೋಡಿ ರಾಗಗಳನ್ನು ಜೋಡಿಸಿಡುವ ಗೂಡು. ಹೆಚ್ಚು ಓದದ ನನಗೂ ಕೇಳಿ ಕೇಳಿ ಇಷ್ಟು ಬಂದಿದೆ. ಅವನ ಪಾಠದ ಕೋಣೆಗೂ ನಮ್ಮ ಅಡುಗೆಮನೆಗೂ ಒಂದೇ ಗೋಡೆ.

ಅವನು ಕಲಿತ ಕಾಲ ಬೇರೆ. ಗುರುಗಳ ಮನೆಗೆ ನೀರು ಹೊತ್ತು, ಬಟ್ಟೆ ಒಗೆದು, ಒಂದು ರಾಗ ಕೇಳಿದರೆ ‘ಮುಂದಿನ ವರ್ಷ ನೋಡೋಣ’ ಅನ್ನಿಸಿಕೊಂಡವನು. ಆ ಸಂಕಟಕ್ಕೇ ಹಟ ಹಿಡಿದು, ಎಲ್ಲರಿಗೂ ಸಿಗಲಿ ಎಂದು ಪುಸ್ತಕ ಬರೆದ. ಪ್ರತಿ ರಾಗದ ಥಾಟು, ಸ್ವರ ಏರುವ ದಾರಿ, ಇಳಿಯುವ ದಾರಿ ಎಲ್ಲ ಅದರಲ್ಲಿವೆ. ಈಗ ಊರೂರಿನ ಪರೀಕ್ಷೆಗೆ ಅದೇ ಆಧಾರ.

ಈ ಸಲ ಗವಾಯಜ್ಜನ ಮೊಮ್ಮಗಳು ಪರೀಕ್ಷೆಗೆ ಕೂತಳು. ಪಾಸಾದರೆ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಹೇಳಿಕೊಡುವ ಕೆಲಸ. ಅವರ ಮನೆಗೆ ಅದೇ ಆಸರೆ. ಗವಾಯಜ್ಜ ತಮ್ಮನ ಗುರುಗಳ ಹಿರಿಯ ಶಿಷ್ಯರು. ಒಂದು ಅಪರೂಪದ ರಾಗ ಬಲ್ಲವರು ಅವರೊಬ್ಬರೇ ಉಳಿದಿದ್ದರು, ಪುಸ್ತಕಕ್ಕೆ ಅದು ಬಂದದ್ದೂ ಅವರಿಂದಲೇ. ಹುಡುಗಿ ಅದನ್ನೇ ಹಾಡಿದಳು. ಇಳಿಯುವಾಗ ನಿಷಾದದ, ಅಂದರೆ ‘ನಿ’ ಸ್ವರದ, ಮೇಲೆ ನಿಂತಳು. ಪುಸ್ತಕದಲ್ಲಿ ಇಳಿಯುವಾಗ ನಿಷಾದವಿಲ್ಲ. ಪರೀಕ್ಷಕನಾಗಿದ್ದ ತಮ್ಮ ಫೇಲು ಮಾಡಿ ಬಂದ. ಪರಿಚಯದವಳೆಂದು ಬಿಡಲಿಲ್ಲವೆಂದು ಊಟಕ್ಕೆ ಕೂತಾಗ ಸ್ವಲ್ಪ ಜಂಬವೂ ಇತ್ತು.

ಮರುದಿನ, “ಅಕ್ಕಾ, ಸಮಾಧಾನ ಹೇಳಿ ಬರೋಣ, ನೀನೂ ಬಾ” ಎಂದ. ಹೋದೆವು.

“ಏನಪ್ಪಾ, ನನ್ನ ಮೊಮ್ಮಗಳಿಗೆ ಸೊನ್ನೆ ಸುತ್ತಿದ್ಯಂತೆ?” ಎಂದರು ಅಜ್ಜ.

“ಅಣ್ಣಾ, ನೀವೇ ಅಲ್ವಾ ಇಳಿಯುವಾಗ ನಿಷಾದ ಬಿಟ್ಟು ನೇರ ಧೈವತಕ್ಕೆ ಬಂದಿದ್ದು? ಈ ಕಿವಿಯಾರೆ ಕೇಳಿ ಬರ್ಕೊಂಡಿದ್ದೀನಿ.”

“ಬಂದೆ ಕಣೋ. ಅವತ್ತು ಎದೆ ತುಂಬ ಕಫ. ಆ ನಿಷಾದದ ಮೇಲೆ ನಿಂತ್ರೆ ಸಾಕು, ಕೆಮ್ಮು ಒತ್ತರಿಸಿ ಬರೋದು. ಅದಕ್ಕೇ ಹಾರಿಸ್ಬಿಟ್ಟೆ. ವಾಸಿಯಾದ್ಮೇಲೆ ಇನ್ನೊಂದ್ಸಲ ಬಾರೋ ಅಂದ್ರೆ, ಪ್ರೆಸ್ಸಿನವನು ಕಾಯ್ತಾನೆ ಅಂತ ನೀನು ಓಡಿದೆ. ನೆಗಡಿ ಬಂದಿದ್ದು ನಂಗೆ, ಮೂಗು ಕೊಯ್ದಿದ್ದು ರಾಗದ್ದು!”

ಅವರು ನಕ್ಕರು. ತಮ್ಮನ ಮುಖ ಕಪ್ಪಿಟ್ಟಿತು.

ಬಾಗಿಲಲ್ಲಿ ನಿಂತಿದ್ದ ಹುಡುಗಿ ಕೇಳಿದಳು: “ಹಾಗಾದ್ರೆ ಅಜ್ಜನ ಕೆಮ್ಮಿಗೆ ನಾನು ಫೇಲಾ, ಮೇಷ್ಟ್ರೇ?”

ತಮ್ಮ ಅಲ್ಲಿಂದಲೇ ಪರೀಕ್ಷಾ ಮಂಡಳಿಗೆ ಓಡಿದ. ತಪ್ಪು ನನ್ನದು, ಪುಸ್ತಕದ್ದು, ಹುಡುಗಿಯದಲ್ಲ ಎಂದು ಗೋಗರೆದ. ಹೊಸ ಮುದ್ರಣ ಬರುವ ತನಕ ಇದ್ದ ಪುಸ್ತಕವೇ ಪ್ರಮಾಣ, ಬೇಕಾದರೆ ಅವಳು ಮತ್ತೆ ಪರೀಕ್ಷೆಗೆ ಕೂರಲಿ ಎಂದರಂತೆ ಮಂಡಳಿಯವರು. ಬರುವ ಪರೀಕ್ಷಕರು ಹೊರಗಿನವರು. ಅವರ ಕೈಯಲ್ಲೂ ಅದೇ ಪುಸ್ತಕ.

ಇದನ್ನು ಹೇಳಲು ಹೋದಾಗ ಅಜ್ಜ ಸಿಟ್ಟಾಗಲಿಲ್ಲ. ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡು, ತಾವೇ ಕಲಿಸಿದ ನಿಷಾದವನ್ನು ಬಿಡಿಸಲು ತೊಡಗಿದರು. ಅವಳು ರೂಢಿಯಂತೆ ಅಲ್ಲಿ ನಿಲ್ಲುವಳು. ಇವರು ತೊಡೆ ತಟ್ಟಿ, “ಹಾರಿಸು ಮಗಾ, ಹಾರಿಸು” ಎನ್ನುವರು.

“ಬೇಡ ಅಣ್ಣಾ, ಕೇಳೋಕಾಗಲ್ಲ” ಎಂದ ತಮ್ಮ.

“ಸುಮ್ನಿರೋ. ಹೊಟ್ಟೆಪಾಡು ಮೊದಲು. ನಿನ್ನ ಪುಸ್ತಕ ಇಲ್ದಿದ್ರೆ ಈ ರಾಗದ ಹೆಸರಾದ್ರೂ ಯಾರಿಗೆ ಗೊತ್ತಿರ್ತಿತ್ತು?”

ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ. ಎದ್ದು ಹೋಗಿ ಮೆಟ್ಟಿಲ ಮೇಲೆ ಕೂತ. ಪಾಠ ಮುಗಿಯುವವರೆಗೂ ಒಳಗೆ ಬರಲಿಲ್ಲ.

ಹುಡುಗಿ ಪುಸ್ತಕದಂತೆ ಹಾಡಿ ಪಾಸಾದಳು, ಕೆಲಸಕ್ಕೂ ಸೇರಿದಳು. ಹೊಸ ಮುದ್ರಣಕ್ಕೆ ತಿದ್ದಬೇಕಲ್ಲ, ತಮ್ಮ ದಿನವೂ ಸಂಜೆ ಅಜ್ಜನ ಮುಂದೆ ಶಿಷ್ಯನ ಹಾಗೆ ಕೂರುತ್ತಾನೆ. ಜೊತೆಗೆ ಹೋಗಿ ನಾನೂ ಕೇಳುತ್ತೇನೆ. ಬರೆಯುವುದು ಸುಲಭವಾಯಿತು, ಹಾಡುವುದಾಗಲಿಲ್ಲ. ವರ್ಷಗಟ್ಟಲೆ ಪುಸ್ತಕದಂತೆಯೇ ಮಕ್ಕಳಿಗೆ ಹೇಳಿಕೊಟ್ಟ ಗಂಟಲು, ನಿಷಾದ ಬರುವ ಜಾಗದಲ್ಲಿ ತಾನಾಗಿ ಧೈವತಕ್ಕೆ ಜಾರುತ್ತದೆ.

“ಮೇಷ್ಟ್ರೇ, ಹಾರಿಸಿದ್ರಿ” ಎನ್ನುತ್ತಾಳೆ ಹುಡುಗಿ, ಮೆತ್ತಗೆ.

ಅವನು ಅವಳ ಮುಖ ನೋಡುವುದಿಲ್ಲ. ಮತ್ತೆ ಮೇಲಿನ ಷಡ್ಜದಿಂದ ಇಳಿಯಲು ಶುರುಮಾಡುತ್ತಾನೆ.