ಮಾಗಳಿ ಬೇರಿನ ಮಣ್ಣು

ಹತ್ತಿರ ಬನ್ನಿ, ಮೆಲ್ಲಗೆ ಹೇಳ್ತೀನಿ. ಇದು ನಮ್ಮಿಬ್ಬರಲ್ಲೇ ಇರಲಿ, ಆ ಮೇಡಂ ಮರ್ಯಾದೆ ಪ್ರಶ್ನೆ. ಮಾಲೇಕಲ್ಲು ಬೆಟ್ಟದ ಹತ್ತಿರ ಔಷಧಿ ಗಿಡದ ನರ್ಸರಿಗೆ ನಾನು ಕೂಲಿಗೆ ಹೋಗ್ತೀನಲ್ಲ, ಅಲ್ಲಿ ಮಾಗಳಿ ಸಸಿ ಬೆಳೆಸ್ತಾರೆ. ಬೆಟ್ಟದಲ್ಲಿ ಆ ಬಳ್ಳಿ ಈಗ ಹುಡುಕಿದರೂ ಸಿಗಲ್ಲ. ನರ್ಸರಿ ನೋಡಿಕೊಳ್ಳೋ ಓದಿದ ಮೇಡಂ ಅದಕ್ಕೆ ಬಾಣಂತಿ ಉಪಚಾರವನ್ನೇ ಮಾಡಿದರು. ಕೆರೆಯ ಗೋಡು ಮಣ್ಣು, ಕೊಟ್ಟಿಗೆ ಗೊಬ್ಬರ, ಎರಡು ಹೊತ್ತು ನೀರು! ಸಸಿಗಳು ಬುಡ ಕೊಳೆತು ಸಾಯುತ್ತಾ ಬಂದು, ಕೊನೆಗೆ ಹನ್ನೆರಡೇ ಉಳಿದವು. ಮೇಡಂ ಅಳೋದೊಂದೇ ಬಾಕಿ.

"ಅಜ್ಜಿ, ಇಷ್ಟು ಒಳ್ಳೆ ಮಣ್ಣು ಹಾಕಿದ್ದೀನಲ್ಲ, ಯಾಕೆ ಹೀಗೆ?"

"ಒಳ್ಳೆ ಮಣ್ಣು ಹಾಕಿದ್ದೇ ತಪ್ಪು ಕಣವ್ವಾ. ಇದು ಬಂಡೆ ಸಂದೀಲಿ ಬೆಳೆಯೋದು. ಬುಡದಲ್ಲಿ ನೀರು ನಿಂತರೆ ಸಾಯ್ತೈತೆ" ಅಂದೆ.

ಇಳಿಜಾರಲ್ಲಿ, ಕಲ್ಲು ಬೆರೆತ ಗರಸು ಮಣ್ಣಿಗೆ ನಾನೇ ನೆಟ್ಟೆ. ಹನ್ನೆರಡೂ ಚಿಗುರಿದವು! ದೊಡ್ಡ ಸಾಹೇಬರು ನೋಡೋಕೆ ಬಂದಾಗ ಮೇಡಂ ನನ್ನನ್ನು ಮುಂದೆ ನಿಲ್ಲಿಸಿ, "ನನಗೆ ಇವರೇ ಮೇಷ್ಟ್ರು" ಅಂದರು. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು!

ಬೀದಿಯಲ್ಲಿ ಒಂದು ಮನೆ ಬಿಡದೆ ಹೇಳಿಕೊಂಡು ಬಂದೆ. ಪಕ್ಕದ ಮನೆ ಗೌರಮ್ಮ ಮುಖಕ್ಕೇ ಅಂದಳು: "ನಿನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರ್ತೈತೆ? ಉಪ್ಪಿನಕಾಯಿಗೆ ಅಂತ ಬೆಟ್ಟದ ಬಂಡೆ ಸಂದಿಯೆಲ್ಲ ಕೆದಕಿ ಬೇರು ಕಿತ್ತವಳು ನೀನೇ ಅಲ್ವೇನೇ!"