ಅಮಾವಾಸ್ಯೆ ದಿನ ಬಂದ ಕೋರ್ಟಿನ ಕಾಗದ

ಗ್ರಾಮದೇವಿ ದ್ಯಾಮವ್ವನನ್ನು ನಂಬಿದ ಎಲ್ಲರಿಗೂ ಸವಣೂರಿನ ಗಂಗವ್ವನ ಶರಣು. ಹೋದ ವರ್ಷ ಶ್ರಾವಣ ಕಳೆದ ಮೇಲೆ ನನ್ನ ವೀಳ್ಯದೆಲೆ ತೋಟ ಜಪ್ತಿಗೆ ಬಂದಿತ್ತು. ನನ್ನ ತೋಟದೊಳಗೆ ದಾರಿ ಬೇಕೆಂದು ಕೇಸು ಹಾಕಿದ್ದ ಪಕ್ಕದ ತೋಟದವರು ಗೆದ್ದಿದ್ದರು. ದಾರಿ ಬಿಡುವುದಷ್ಟೇ ಅಲ್ಲ, ಅವರ ವಕೀಲರ ಫೀ, ಕೋರ್ಟಿನ ಖರ್ಚು ಎಲ್ಲ ನಾನೇ ತುಂಬಬೇಕೆಂದು ತೀರ್ಪಾಗಿತ್ತು. ಎಲೆ ಮಾರಿದ್ದು ಗಂಡನ ಔಷಧಕ್ಕೇ ಸಾಲದು, ಎಲ್ಲಿಂದ ತರಲಿ?

ತಪ್ಪು ನನ್ನದೇ. ಕೋರ್ಟಿನ ಬೇಲೀಫ್ ಮೊದಲ ಸಮನ್ಸ್ ತಂದ ದಿನ ಅಮಾವಾಸ್ಯೆ. ಅಂದು ನಮ್ಮ ಮನೆಯಲ್ಲಿ ಎಲೆ ಕೊಯ್ಯುವುದಿಲ್ಲ, ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ. ನಾಳೆ ಬರಲು ಹೇಳಿದೆ. ಅವರು ಒತ್ತಾಯ ಮಾಡಿದ್ದಕ್ಕೆ ನಾಲಿಗೆ ಹರಿಬಿಟ್ಟೆ. ಬಿಸಿಲಲ್ಲಿ ಬಂದವರಿಗೆ ಒಂದು ಲೋಟ ನೀರೂ ಕೊಡಲಿಲ್ಲ. ಅವರು ಮತ್ತೆ ಬರಲಿಲ್ಲ, ಪೀಡೆ ತೊಲಗಿತು ಎಂದುಕೊಂಡೆ. ಅತ್ತ ಕೋರ್ಟಿನಲ್ಲಿ, ನಾನು ಸಮನ್ಸ್ ನಿರಾಕರಿಸಿದೆನೆಂದು ಅವರು ವರದಿ ಕೊಟ್ಟು, ನಾನಿಲ್ಲದೆಯೇ ಕೇಸು ಮುಗಿದಿತ್ತು.

ಜಪ್ತಿ ನೋಟಿಸು ಬಂದ ಮೇಲೆ ಊಟ ಸೇರಲಿಲ್ಲ. ಬಾಗಿಲು ಸಪ್ಪಳವಾದರೆ ಜಪ್ತಿಗೇ ಬಂದರೆಂದು ಓಡಿ ನೋಡುತ್ತಿದ್ದೆ. ಹಾಸಿಗೆ ಹಿಡಿದ ಗಂಡನಿಗೆ ಹೇಳಲು ಧೈರ್ಯವಾಗಲಿಲ್ಲ. ದ್ಯಾಮವ್ವನ ಮುಂದೆ ಕುಳಿತು, "ಅವ್ವಾ, ಇದೊಂದು ಸಲ ಕೈಬಿಡಬ್ಯಾಡ" ಎಂದು ಅತ್ತೆ.

ಸರ್ಕಾರದಿಂದ ಸಿಕ್ಕ ಉಚಿತ ವಕೀಲರು ತೀರ್ಪು ರದ್ದತಿಗೆ ಅರ್ಜಿ ಹಾಕಿದರು. ಆ ಬೇಲೀಫರನ್ನೇ ಸಾಕ್ಷಿಗೆ ಕರೆಸುತ್ತೇವೆ ಎಂದಾಗ ಇನ್ನಷ್ಟು ಹೆದರಿದೆ. ನಾನು ಬೈದದ್ದನ್ನು ಅವರು ಮರೆತಾರೆಯೇ? ಮರಳಿ ಬರಲಿಲ್ಲವೆಂದು ಒಪ್ಪಿಕೊಂಡರೆ ಅವರ ನೌಕರಿಗೇ ಕುತ್ತು.

ಸಾಕ್ಷಿಯ ದಿನ ಅವರು ಕಟಕಟೆಗೆ ಬಂದರು. ಅವರು ನನ್ನತ್ತ ನೋಡಲೇ ಇಲ್ಲ.

"ಈ ಅವ್ವಾರು ಒಲ್ಲೆ ಅಂದಿಲ್ಲರಿ ಸಾಹೇಬ್ರ," ಎಂದರು. "ಅಮಾಸಿ ಐತಿ, ನಾಳೆ ಬರ್ರಿ ಅಂದ್ರು. ನಾನ ಹೋಗಲಿಲ್ಲರಿ. ತಪ್ಪು ನಂದೈತಿ."

ನ್ಯಾಯಾಧೀಶರು ಎಲ್ಲರೆದುರು ಅವರನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ಮುಂದೆ ಒಂದು ವಾರಕ್ಕೆ ತೀರ್ಪು ರದ್ದಾಯಿತು, ಖರ್ಚಿನ ಆದೇಶವೂ ಹೋಯಿತು, ಜಪ್ತಿ ನಿಂತಿತು. ಕೇಸು ಮೊದಲಿನಿಂದ ನಡೆಯಲಿದೆ. ತಾರೀಖು ಬಂದಾಗಲೆಲ್ಲ ಏನಾಗುವುದೋ ಎಂಬ ಚಿಂತೆ ಈಗಲೂ ಇದೆ. ಆದರೆ ನಾನು ಬೈದು ಕಳಿಸಿದವರ ಬಾಯಿಂದಲೇ ನನ್ನನ್ನು ಉಳಿಸಿದವಳು ತಾಯಿ ದ್ಯಾಮವ್ವ, ಇನ್ನು ಅನುಮಾನವಿಲ್ಲ.

ಆ ಬೇಲೀಫರ ಮೇಲೆ ವಿಚಾರಣೆ ನಡೆದಿದೆಯಂತೆ. ದಿನಾ ಗುಡಿಯಲ್ಲಿ ಮೊದಲು ಅವರ ನೌಕರಿ ಉಳಿಯಲೆಂದು ಬೇಡುತ್ತೇನೆ, ಆಮೇಲೆ ನನ್ನ ತೋಟಕ್ಕೆ. ಇದನ್ನು ಓದಿದವರು ನೀವೂ ಅವರಿಗಾಗಿ ಒಮ್ಮೆ ಅವ್ವನಿಗೆ ಕೈಮುಗಿಯಿರಿ.